ಒಂದೇ ಸೂರು, ಒಂದೇ ಗಂಟೆ: ಬಾಸೆಲ್ಲಿನ ಮಿಷನ್ ಮನೆ

ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಪರಸ್ಥಳದವರು ಬಂದು, ಒಟ್ಟಿಗೆ ಉಂಡು, ಒಟ್ಟಿಗೆ ಕಲಿತ ಕಥೆಗಳಿಗೆ ಬರವಿಲ್ಲ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಮಡದಿ ಮಹಾದೇವಿಯೊಡನೆ ಬಂದು, ಕಟ್ಟಿಗೆ ಹೊರೆ ಮಾರಿ ದಾಸೋಹ ನಡೆಸಿದ ಶರಣ. ಹುಮನಾಬಾದ್ ತಾಲೂಕಿನ ಮೊಳಕೇರಾದಲ್ಲಿ ಇಂದಿಗೂ ಅವನ ನೆನಪು ಹಸಿರಾಗಿದೆ. ಮರುಳಶಂಕರದೇವ ಅಫ್ಘಾನಿಸ್ತಾನದ ಕಡೆಯಿಂದ ಬಂದವನೆಂದೂ, 12 ವರ್ಷ ಯಾರ ಕಣ್ಣಿಗೂ ಬೀಳದೆ ಬಸವಣ್ಣನ ಮಹಾಮನೆಯ ಪ್ರಸಾದಕುಂಡದ ಬಳಿ ಉಳಿದಿದ್ದನೆಂದೂ ಶರಣ ಪರಂಪರೆ ಹೇಳುತ್ತದೆ. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದ ವೇದ ಪಾಠಶಾಲೆಯಲ್ಲಿ ಈಗಲೂ ಹುಡುಗರು ಮನೆ ಬಿಟ್ಟು ಬಂದು, ಅಲ್ಲೇ ಇದ್ದು ಕಲಿಯುತ್ತಾರೆ.

ಇದೇ ಸೀಮೆಯ ಕ್ರೈಸ್ತ ಮನೆಗಳಿಂದಲೂ ಹಾಗೆ ಊರು ಬಿಡುವ ತರುಣರಿದ್ದಾರೆ. ನಿಜಾಮರ ಕಾಲದಲ್ಲಿ ಇಲ್ಲಿಗೆ ಬಂದವರು ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು. ಆ ಸಭೆಗಳ ಹುಡುಗರು ಪಾಸ್ಟರ್ ಆಗಬೇಕಾದರೆ ಜಬಲ್ಪುರದ ಲಿಯೊನಾರ್ಡ್ ಥಿಯಾಲಾಜಿಕಲ್ ಕಾಲೇಜಿಗೋ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೋ ಗಂಟುಮೂಟೆ ಕಟ್ಟುವುದುಂಟು. ಈ ಎರಡರಲ್ಲಿ ಬಲ್ಮಠದ ಬೇರು ಹುಡುಕುತ್ತ ಹೋದರೆ ನಾವು ಸೇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಒಂದು ಮನೆಗೆ. ಹಳೆಯ ಬರಹಗಳಲ್ಲಿ ಅದರ ಹೆಸರು ಬರೀ ‘ಮಿಷನ್ ಮನೆ’. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು, ಕನ್ನಡದ ದೊಡ್ಡ ನಿಘಂಟು ಕಟ್ಟಿದವರು, ಮಂಗಳೂರು ಹೆಂಚು ಸುಟ್ಟವರು ಆ ಮನೆಯಿಂದ ಬಂದವರು ಎಂಬುದು ನಮಗೆ ಗೊತ್ತು. ಅವರು ಅಲ್ಲಿ ಹೇಗೆ ಬದುಕಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕನ್ನಡ ನಾಡಿನ ಒಬ್ಬ ತರುಣನೂ ಅಲ್ಲಿ ಐದು ವರ್ಷ ವಿದ್ಯಾರ್ಥಿಯಾಗಿದ್ದ ಸಂಗತಿಯಂತೂ ಬಹುಮಟ್ಟಿಗೆ ಮರೆತೇ ಹೋಗಿದೆ.

1815ರಲ್ಲಿ, ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ, ಗಡಿಯಾಚೆಯ ಹ್ಯೂನಿಂಗೆನ್ ಕೋಟೆಯಿಂದ ಬಾಸೆಲ್ಲಿನ ಮೇಲೆ ಗುಂಡುಗಳು ಬಿದ್ದವು. ಊರು ಉಳಿಯಿತು. ಉಳಿದದ್ದಕ್ಕೆ ದೇವರಿಗೆ ಏನಾದರೂ ಸಲ್ಲಿಸಬೇಕೆಂದು ಅಲ್ಲಿನ ಭಕ್ತಿಪಂಥದ ಜನ ಅದೇ ವರ್ಷ ಮಿಷನ್ ಸಂಸ್ಥೆ ಕಟ್ಟಿದರು. 1816ರ ಆಗಸ್ಟಿನಲ್ಲಿ ಏಳು ವಿದ್ಯಾರ್ಥಿಗಳೊಡನೆ ಶಾಲೆ ಶುರುವಾಯಿತು. ಬ್ಲುಮ್‌ಹಾರ್ಟ್ ಎಂಬ ಪಾದ್ರಿ ಮೊದಲ ಇನ್‌ಸ್ಪೆಕ್ಟರ್. ಮನೆಯ ಯಜಮಾನನಿಗೆ ಅಲ್ಲಿ ಅದೇ ಪದವಿ. ಅವನ ಮೇಲೆ ‘ಕಮಿಟಿ’. ಅದರಲ್ಲಿ ಇದ್ದವರು ಬಹುಪಾಲು ಬಾಸೆಲ್ಲಿನ ಸಿರಿವಂತ ಮನೆತನಗಳವರು.

ಓದಲು ಬಂದವರು ಮಾತ್ರ ಸಿರಿವಂತರಲ್ಲ. ಬಹಳಷ್ಟು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಒಕ್ಕಲು ಮಕ್ಕಳು, ನೇಕಾರರು, ಬಡಗಿಗಳು, ಚಮ್ಮಾರರು, ಅಂಗಡಿಯ ಗುಮಾಸ್ತರು. ಸೇರಬೇಕಾದರೆ ಪ್ರತಿಯೊಬ್ಬನೂ ತನ್ನ ಬಾಳಿನ ಕಥೆಯನ್ನು ಸ್ವಂತ ಕೈಯಲ್ಲಿ ಬರೆದು ಕೊಡಬೇಕು: ಹುಟ್ಟಿದ್ದೆಲ್ಲಿ, ಕೆಟ್ಟದ್ದೆಲ್ಲಿ, ದೇವರ ಕರೆ ಕೇಳಿಸಿದ್ದು ಯಾವಾಗ. ಆ ಹಾಳೆಗಳು ಬಾಸೆಲ್ಲಿನ ದಫ್ತರಖಾನೆಯಲ್ಲಿ ಇಂದಿಗೂ ಇವೆ. ಬರೆದವರೆಲ್ಲರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಬಂದವರಿಗೆ ಮುಂದೆ ಕೆಲವು ವರ್ಷ ಅದೇ ಮನೆ.

ಆ ಮನೆಯ ದಿನ ಗಂಟೆಯಿಂದ ಗಂಟೆಗೆ ನಡೆಯುತ್ತಿತ್ತು. ನಸುಕಿನಲ್ಲಿ ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಊಟಕ್ಕೆ ಗಂಟೆ. ಬೆಳಗಿನಿಂದ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್, ಬೈಬಲ್, ಭೂಗೋಳ, ಸಂಗೀತ. ನಿನ್ನೆಯವರೆಗೆ ಮಗ್ಗದ ಮುಂದೆ ಕೂತಿದ್ದ ಹುಡುಗನಿಗೆ ಹೀಬ್ರೂ ವ್ಯಾಕರಣ ಎಷ್ಟು ಭಾರವಾಗಿತ್ತೋ! ಓದಿನ ಜೊತೆಗೆ ಮೈಕೆಲಸ. ಸೌದೆ ಒಡೆಯಬೇಕು, ತೋಟ ಅಗೆಯಬೇಕು, ಮರಗೆಲಸ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಬೇಕು. ಮನೆಯ ಒಂದೊಂದು ಹೊಣೆ ಒಬ್ಬೊಬ್ಬರ ಪಾಲಿಗೆ. ಕಾಯಕದ ನಾಡಿನವರಾದ ನಮಗೆ ಇದು ಪರಕೀಯವೆನಿಸದು. ಭಾನುವಾರ ಹತ್ತಿರದ ಹಳ್ಳಿಗಳಿಗೆ ಹೋಗಿ ಬೋಧನೆಯ ಅಭ್ಯಾಸ ಮಾಡುವುದೂ ಇತ್ತು. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ‘ಸಹೋದರ’ ಎಂದು.

ಆದರೆ ಈ ಸಹೋದರತ್ವಕ್ಕೆ ಇನ್ನೊಂದು ಮುಖವಿತ್ತು. ಒಬ್ಬನ ತಪ್ಪನ್ನು ಇನ್ನೊಬ್ಬ ಎದುರಿಗೇ ಹೇಳಬೇಕು. ತಿದ್ದಿಕೊಳ್ಳದಿದ್ದರೆ ಇನ್‌ಸ್ಪೆಕ್ಟರರಿಗೆ ತಿಳಿಸಬೇಕು. ಅದು ಚಾಡಿಯಲ್ಲ, ಪ್ರೀತಿಯ ಕರ್ತವ್ಯ ಎಂದೇ ಕಲಿಸುತ್ತಿದ್ದರು. ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್ ಈ ಸಂಸ್ಥೆಯ ಕಾಗದಪತ್ರಗಳನ್ನು ಓದಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಈ ಪರಸ್ಪರ ಕಾವಲು ಸಂಸ್ಥೆಯನ್ನು ಒಗ್ಗಟ್ಟಾಗಿ ಹಿಡಿದಿಟ್ಟಿತು, ಜೊತೆಗೆ ಮಿಷನರಿಗಳ ನಡುವೆ ಮುಗಿಯದ ವ್ಯಾಜ್ಯಗಳನ್ನೂ ಹುಟ್ಟಿಸಿತು ಎಂಬುದನ್ನು ಅವರು ಬಿಡಿಸಿಡುತ್ತಾರೆ. ನನಗೆ ಆ ಮನೆಯ ದುಡಿಮೆ, ಬಡತನ, ಓದು ಎಲ್ಲದರ ಮೇಲೂ ಗೌರವವಿದೆ. ಈ ಒಂದು ನಿಯಮವನ್ನು ಮಾತ್ರ ಒಪ್ಪಲಾರೆ. ಒಂದೇ ಕೋಣೆಯಲ್ಲಿ ಮಲಗುವ ಗೆಳೆಯನ ಮೇಲೆ ಕಣ್ಣಿಡುವುದನ್ನು ಕಲಿತವನು ಮುಂದೆ ಪರದೇಶದಲ್ಲಿ ಯಾರನ್ನು ನಂಬಿ ಮನಸ್ಸು ಬಿಚ್ಚಬೇಕು?

ಮದುವೆಗೂ ಕಮಿಟಿಯ ಕಟ್ಟು. ಓದುವಾಗ ಹೆಣ್ಣು ಗೊತ್ತುಮಾಡಿಕೊಳ್ಳುವಂತಿಲ್ಲ. ಹೊರದೇಶಕ್ಕೆ ಹೋಗಿ ಎರಡು ವರ್ಷವಾದರೂ ಕೆಲಸ ಮಾಡಿ, ಆಮೇಲೆ ಅರ್ಜಿ ಬರೆಯಬೇಕು. ಕಮಿಟಿ ಒಪ್ಪಿದರೆ ಯುರೋಪಿನಿಂದ ಹುಡುಗಿ ಹಡಗು ಹತ್ತುತ್ತಾಳೆ. ಎಷ್ಟೋ ಹೆಣ್ಣುಮಕ್ಕಳು ತಾವು ಸರಿಯಾಗಿ ನೋಡಿಯೇ ಇರದ ಗಂಡನ್ನು ವರಿಸಲು ಮಂಗಳೂರಿನ ತೀರದಲ್ಲಿ ಇಳಿದರು. ಅವರಿಗೆ ಹುಟ್ಟಿದ ಮಕ್ಕಳನ್ನು ಎಳವೆಯಲ್ಲೇ ಬಾಸೆಲ್ಲಿಗೆ ಕಳಿಸುವ ಪದ್ಧತಿ ಬೆಳೆಯಿತು. 1853ರಲ್ಲಿ ಅಲ್ಲಿ ಮಿಷನರಿ ಮಕ್ಕಳಿಗೆಂದೇ ಒಂದು ನಿಲಯ ತೆರೆದರು. ತಾಯಿ ಇಲ್ಲಿ, ಮಗು ಅಲ್ಲಿ. ಮಿಷನ್ನಿನ ಇತಿಹಾಸದಲ್ಲಿ ಹೆಚ್ಚು ನೋವಿನ ಪುಟಗಳು ಇವೇ.

ಬ್ರಿಟಿಷ್ ಸಂಸತ್ತು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ಹೊಸದಾಗಿಸಿದಾಗ ಇಂಗ್ಲಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಅವರ ದಾರಿ ಸ್ವಲ್ಪ ಬೇರೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ಮಂಗಳೂರಿನಲ್ಲಿ ಹುಡುಗರ ಶಾಲೆ ತೆರೆದು ಅವರ ಜೊತೆಯೇ ವಾಸಕ್ಕಿಳಿದರು. ಬಂಗಲೆಯಲ್ಲಿದ್ದುಕೊಂಡು ಬೋಧಿಸುವುದು ಅವರಿಗೆ ಸರಿಬರಲಿಲ್ಲ. 1843ರ ಜುಲೈ 1ರಂದು ಕನ್ನಡದ ಆ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಇದೇ ಮೊಗ್ಲಿಂಗರ ಕೈಯಿಂದ.

ಅವರ ಮಾತಿಗೆ ಒಲಿದ ತರುಣರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಹುಟ್ಟಿದ್ದು 1825ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. 1844ರ ಜನವರಿಯಲ್ಲಿ ಇನ್ನಿಬ್ಬರು ಸಾರಸ್ವತ ತರುಣರ ಜೊತೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕುದಿಯಿತು. ಮನೆಯ ಬಾಗಿಲು ಮುಚ್ಚಿತು. ಎಳೆಯ ಪತ್ನಿ ಲಕ್ಷ್ಮಿ ಅವರೊಡನೆ ಬಾಳಲು ಒಪ್ಪಲಿಲ್ಲ. ಆಕೆಯ ಕಡೆಯಿಂದ ನೋಡಿದರೆ ಅದರಲ್ಲಿ ಆಶ್ಚರ್ಯವೇನಿದೆ? ಒಂದೇ ದಿನದಲ್ಲಿ ಗಂಡ ಬೇರೆ ಲೋಕದವನಾಗಿದ್ದ. ಗುರುವಿನ ಹೆಸರನ್ನೇ ತೊಟ್ಟು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡವರು 1846ರಲ್ಲಿ ಮೊಗ್ಲಿಂಗರ ಜೊತೆ ಬಾಸೆಲ್ ಸೇರಿದರು. ಆಗ ವಯಸ್ಸು 21ರ ಆಸುಪಾಸು.

ಆ ಮನೆಯಲ್ಲಿ ಅವರಿಗೆ ವಿಶೇಷ ಕೋಣೆಯೂ ಇಲ್ಲ, ಬೇರೆ ಪಂಕ್ತಿಯೂ ಇಲ್ಲ. ಮಡಿಯ ಮನೆಯಲ್ಲಿ ಬೆಳೆದವರು ಒಕ್ಕಲ ಮಕ್ಕಳ, ಚಮ್ಮಾರ ಮಕ್ಕಳ ಸಾಲಿನಲ್ಲಿ ಕೂತು ಉಂಡರು. ಕಡಲ ತಡಿಯ ಸೆಕೆಯಿಂದ ಹಿಮ ಬೀಳುವ ಚಳಿಗೆ ಹೊಂದಿಕೊಂಡರು. ಜರ್ಮನ್ ಕಲಿತು ಅದರಲ್ಲೇ ಪಾಠ ಕೇಳಿದರು. ವ್ಯುರ್ಟೆಂಬರ್ಗಿನ ಮಿಷನ್ ಉತ್ಸವಗಳಲ್ಲಿ ಈ ಭಾರತೀಯ ತರುಣನನ್ನು ನೋಡಲು, ಅವರ ಮಾತು ಕೇಳಲು ಜನ ಕೂಡುತ್ತಿದ್ದರು. ಆ ನೋಟದಲ್ಲಿ ಪ್ರೀತಿಯಷ್ಟೇ ಕುತೂಹಲವೂ ಇದ್ದಿರಬೇಕು. ಒಂದು ಊರಿನಲ್ಲಿ ನೀವೊಬ್ಬರೇ ಬೇರೆ ಬಣ್ಣದವರಾಗಿ ಐದು ವರ್ಷ ಬದುಕುವುದು ಅಂದರೇನು ಎಂಬುದನ್ನು ಇಂದು ಜರ್ಮನಿಗೆ ಓದಲು ಹೋಗುವ ನಮ್ಮ ಮಕ್ಕಳು ಬಲ್ಲರು. ಅವರಿಗಾದರೂ ಸಂಜೆ ಫೋನಿನಲ್ಲಿ ಅಮ್ಮನ ಮುಖ ಕಾಣುತ್ತದೆ. ಕೌಂಡಿನ್ಯರಿಗೆ ಊರಿನ ಕಾಗದ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು, ಬರೆಯುವವರು ಇದ್ದರೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಫರ್ಡಿನೆಂಡ್ ಕಿಟೆಲ್ ಆ ಮನೆ ಸೇರಿದ್ದು 1850ರಲ್ಲಿ. ಕೌಂಡಿನ್ಯರು ಅಲ್ಲಿಂದ ಹೊರಟದ್ದು 1851ರಲ್ಲಿ. ಅಂದರೆ ಮುಂದೆ ಕನ್ನಡದ ಪದಗಳಿಗಾಗಿ ಬಾಳು ಸವೆಸಿದ 18ರ ಹುಡುಗನೂ, ಕನ್ನಡ ನಾಡಿನಿಂದ ಹೋಗಿದ್ದ ಹಿರಿಯ ವಿದ್ಯಾರ್ಥಿಯೂ ಸ್ವಲ್ಪ ಕಾಲವಾದರೂ ಒಂದೇ ಗಂಟೆಗೆ ಎದ್ದಿದ್ದಾರೆ. ಅವರ ನಡುವೆ ಯಾವ ಮಾತು ನಡೆಯಿತೋ! ಕಿಟೆಲ್ 1853ರಲ್ಲಿ ಇತ್ತ ಬಂದರು. ಹಳ್ಳಿಗರ ಹಾಗೆ, ಹಳ್ಳಿಗರ ನಡುವೆ ಇರಬೇಕೆಂಬ ಅವರ ಹಟ ಜೊತೆಯ ಮಿಷನರಿಗಳಿಗೆ ಸರಿಬರಲಿಲ್ಲ. ಮಿಷನ್ನಿನೊಳಗೆ ಅವರು ಬಹುಕಾಲ ಒಂಟಿ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ.

1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಮಂಗಳೂರಿನಲ್ಲಿ ಉಪದೇಶಕರಾಗುವ ಹುಡುಗರಿಗೆ ಪಾಠ ಹೇಳಿದರು. ಯುರೋಪಿನವರ ಸಾಲಿನಲ್ಲೇ ಅವರೂ ಒಬ್ಬ ಪೂರ್ಣ ಮಿಷನರಿ. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹುಡುಗಿ ಮಂಗಳೂರಿಗೆ ಬಂದು ಅವರನ್ನು ಮದುವೆಯಾದರು. ಆ ಕಾಲಕ್ಕೆ ಭಾರತೀಯ ಗಂಡು, ಯುರೋಪಿನ ಹೆಣ್ಣು! ಎರಡೂ ದಂಡೆಯ ಜನ ಹುಬ್ಬೇರಿಸಿರಬೇಕು. ಕೊಡಗಿನಲ್ಲಿ ಹೊಲೆಯ ಕುಟುಂಬಗಳು ಕ್ರೈಸ್ತರಾದಾಗ ಅವರ ನೆಲೆಗೆಂದು ಮೊಗ್ಲಿಂಗ್ ಕಟ್ಟಿದ ಊರಿನ ಹೆಸರು ಆನಂದಪುರ. ಕೌಂಡಿನ್ಯರ ಹೆಸರೇ ಅದಕ್ಕೆ. ಅಲ್ಲಿನ ಕಾಫಿ ತೋಟವನ್ನು ನೋಡಿಕೊಂಡು, ಆ ಜನರೊಡನೆ ಬಾಳಿ, ಕೌಂಡಿನ್ಯರು 1893ರಲ್ಲಿ ತೀರಿಕೊಂಡರು.

ಬಾಸೆಲ್ಲಿನ ಮನೆಗೂ ಕಲ್ಯಾಣಕ್ಕೂ ನೇರ ನಂಟು ಇದೆಯೇ ಎಂದು ಕೇಳಿದರೆ, ಇದೆ. ಮೊಗ್ಲಿಂಗ್ 1848ರಿಂದ 1853ರವರೆಗೆ ಹಳೆಯ ಕನ್ನಡ ಕೃತಿಗಳನ್ನು ಸಾಲಾಗಿ ಕಲ್ಲಚ್ಚಿನಲ್ಲಿ ಹೊರತಂದಾಗ ಅದರಲ್ಲಿ ಭೀಮಕವಿಯ ಬಸವಪುರಾಣವೂ ಸೇರಿತು. ಬಳಿಕ ಅದೇ ಮನೆಯ ಇನ್ನೊಬ್ಬ ಮಿಷನರಿ ವುರ್ತ್ ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಇಂಗ್ಲಿಷಿಗೆ ಸಂಗ್ರಹಿಸಿ, 1860ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಕೊಟ್ಟರು. ಬಸವಣ್ಣ, ಬಿಜ್ಜಳ, ಕಲ್ಯಾಣದ ಕ್ರಾಂತಿಯ ಕಥೆಯನ್ನು ಎಷ್ಟೋ ಪಾಶ್ಚಾತ್ಯ ಓದುಗರು ಮೊದಲು ಓದಿದ್ದು ಅಲ್ಲೇ. ಇನ್ನೊಂದು ಪ್ರಸಂಗ 1840ರ ಸುಮಾರಿನದು. ಹುಬ್ಬಳ್ಳಿ, ಧಾರವಾಡದ ಕಡೆಯ ಲಿಂಗಾಯತರಲ್ಲಿ ಕಾಲಜ್ಞಾನದ ಹೊತ್ತಗೆಗಳನ್ನು ನಂಬಿದ್ದ ಒಂದು ಗುಂಪು, ಅಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂದು ಮಿಷನರಿಗಳ ಬಳಿ ಬಂದಿತು. ಅವರಿಗಾಗಿ ಗದಗದ ಹತ್ತಿರ ಮಲ್ಲಸಮುದ್ರದಲ್ಲಿ ಒಟ್ಟಾಗಿ ಬೇಸಾಯ ಮಾಡಿ ಬಾಳುವ ಒಂದು ಕೇರಿಯನ್ನು ಕಟ್ಟಿದರು. ಅಂದುಕೊಂಡಂತೆ ಅದು ಬೆಳೆಯಲಿಲ್ಲ. ಗುರುವಿನಿಂದ ಇವರು ಬಯಸಿದ್ದೇ ಬೇರೆ, ಶಿಷ್ಯರಿಂದ ಅವರು ಬಯಸಿದ್ದೇ ಬೇರೆ.

ಕೈಕಸುಬು ಬಲ್ಲವರನ್ನೂ ಕಳಿಸಿದ್ದರ ಫಲ ಕರಾವಳಿಯ ಮನೆಮಾಡುಗಳ ಮೇಲೆ ಕಾಣುತ್ತದೆ. 1865ರಲ್ಲಿ ಮಿಷನರಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ವಿಷಯ ಹೊಸದಾಗಿ ಹೇಳಬೇಕಿಲ್ಲ.

ಕೌಂಡಿನ್ಯ, ಕಿಟೆಲ್ ಇದ್ದ ಹಳೆಯ ಕಟ್ಟಡ ಬೇರೆ. ಇಂದು ಬಾಸೆಲ್ಲಿಗೆ ಹೋದವರು ನೋಡುವುದು ಮಿಷನ್ ಬೀದಿಯ ದೊಡ್ಡ ಮನೆಯನ್ನು. ಕ್ರಿಸ್ಟೋಫ್ ಮೆರಿಯನ್ ಎಂಬ ಧನಿಕನ ಕೊಡುಗೆಯಿಂದ ಎದ್ದ ಅದು ಬಳಕೆಗೆ ಬಂದದ್ದು 1860ರಲ್ಲಿ. ಈಗ ಅದು ‘ಮಿಷನ್ 21’ ಎಂಬ ಸಂಸ್ಥೆಯ ನೆಲೆ. ಕರ್ನಾಟಕದಿಂದ ಹೋದ ಪತ್ರಗಳು, ವರದಿಗಳು, ಹಳೆಯ ಫೋಟೋಗಳು ಅಲ್ಲಿ ಜೋಪಾನವಾಗಿವೆ, ಸಂಶೋಧಕರಿಗೆ ತೆರೆದಿವೆ.

ಬಾಸೆಲ್ಲಿನ ಮನೆಯ ಮಂಗಳೂರು ಕುಡಿ 1847ರ ಸೆಮಿನರಿ. ಅದು 1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೊಡನೆ ಕೂಡಿ ಈಗಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಕನ್ನಡದಲ್ಲಿ ದೇವಶಾಸ್ತ್ರ ಕಲಿಸುವ ಈ ಬಲ್ಮಠದ ಆವರಣದಲ್ಲಿ ಹಾಸ್ಟೆಲ್, ಚಾಪೆಲ್, ಮೆಸ್, ಗ್ರಂಥಾಲಯ, ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕಗಳ ಭಂಡಾರ ಎಲ್ಲವೂ ಇವೆ. ಬೀದರ ಕಡೆಯ ಹುಡುಗನಿಗೆ ಇದೂ ಒಂದು ಪರದೇಶವೇ. ಜೋಳದ ರೊಟ್ಟಿಯ ಬಾಯಿಗೆ ಕುಚಲಕ್ಕಿ ಅನ್ನ. ಉರ್ದು, ಮರಾಠಿ ಬೆರೆತ ಕನ್ನಡದ ಕಿವಿಗೆ ತುಳು, ಕೊಂಕಣಿ, ಬ್ಯಾರಿ. ‘ಯಾಕ್ರೀ, ಹ್ಯಾಂಗಿದ್ದೀರಿ’ ಅಂದರೆ ಜೊತೆಯವರು ನಗುತ್ತಾರೆ, ವರ್ಷ ತಿರುಗುವಷ್ಟರಲ್ಲಿ ಅವರೂ ಹಾಗೇ ಅನ್ನಲು ಕಲಿಯುತ್ತಾರೆ. ಕೌಂಡಿನ್ಯರ ಕಾಲದಲ್ಲಿ ಬಾಸೆಲ್ಲಿಗೆ ಕಳಿಸುವ, ಕರೆಸುವ ಮಾತೆಲ್ಲ ಕಮಿಟಿಯದ್ದು. ಈಗ ದಾರಿ ಎರಡೂ ದಿಕ್ಕಿಗೆ ತೆರೆದಿದೆ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೇಂದ್ರವಿರುವ ಇ.ಎಂ.ಎಸ್. ಎಂಬ ಸಭೆಗಳ ಒಕ್ಕೂಟದ ಮೂಲಕ ಅಲ್ಲಿನ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಇಂಡಿಯಾಕ್ಕೂ ಬಂದು, ಇಲ್ಲಿನ ನಿಲಯಗಳಲ್ಲಿ ಇದ್ದು, ಇಲ್ಲಿನ ಅಡುಗೆ ಉಣ್ಣುತ್ತಾರೆ; ಇಲ್ಲಿನವರೂ ಅತ್ತ ಹೋಗುತ್ತಾರೆ. ಪಾಸ್ಟರ್ ಆಗಬೇಕೆಂಬ ಮಗ ಅಥವಾ ಮಗಳು ಮನೆಯಲ್ಲಿದ್ದರೆ, ಬಲ್ಮಠಕ್ಕೆ ಅರ್ಜಿ ಹಾಕುವ ಮುಂಚೆ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಆವರಣ ತೋರಿಸಿ, ಅಲ್ಲಿ ಓದುತ್ತಿರುವವರ ಜೊತೆ ಒಂದು ಹೊತ್ತು ಕೂಡಿಸಿ ಬನ್ನಿ.