ರೋಹಿಣಿಯ ಕಿರಾಣಿ ಅಂಗಡಿಯಲ್ಲೇ ಇದೆ ಪ್ರೋಟೀನ್: ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸೋದು ಹೇಗೆ?

ತೂಕ ಇಳಿಸೋ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: "ಕೆಜಿ ಕಮ್ಮಿ ಆಗ್ತಿದೆ, ಹೊಟ್ಟೆ ಮಾತ್ರ ಹಾಗೇ ಇದೆ, ಯಾಕೆ?" ಉತ್ತರಕ್ಕೆ ಮುಂಚೆ ನನ್ನ ಕಥೆಯನ್ನೇ ಹೇಳಿಬಿಡ್ತೀನಿ.

ಬೆಂಗಳೂರು ಬಿಟ್ಟು ಇಲ್ಲಿ ರೋಹಿಣಿಗೆ ಬಂದಾಗ ನನ್ನ ತೂಕ 70 ಕೆಜಿ. ಗುರುಗ್ರಾಮದ ಆಫೀಸಿಗೆ ಮೆಟ್ರೋದಲ್ಲಿ ಹೋಗಿ ಬರೋಷ್ಟರಲ್ಲಿ ದಿನ ಮುಗೀತಿತ್ತು. ರಾತ್ರಿ ಪರಾಠ, ಛೋಲೆ ಕುಲ್ಚಾ. ಎರಡು ವರ್ಷದಲ್ಲಿ 80 ಆಯ್ತು. ಗಾಬರಿಯಿಂದ ರಾತ್ರಿ ಊಟ ಬಿಟ್ಟೆ, ಬೆಳಗ್ಗೆ ಬರೀ ಹಣ್ಣು. ನಾಲ್ಕು ತಿಂಗಳಲ್ಲಿ 9 ಕೆಜಿ ಇಳೀತು. ಖುಷಿಯಲ್ಲಿ ಊರಿಗೆ ಹೋದೆ. "ಏನೋ ಇದು, ಮುಖ ಎಲ್ಲ ಬತ್ತಿಹೋಗಿದೆ" ಅಂದ್ರು ಅಮ್ಮ. ಬಾಗಿಲಲ್ಲಿದ್ದ 25 ಕೆಜಿ ಅಕ್ಕಿ ಮೂಟೆ ಒಳಗಿಡೋಣ ಅಂತ ಎತ್ತಿದೆ, ಅರ್ಧ ದಾರಿಯಲ್ಲೇ ಕೈ ಸೋತುಹೋಯ್ತು. ಅರವತ್ತು ದಾಟಿದ ಅಪ್ಪ ಬಂದು ಮೂಟೆ ತಗೊಂಡು ಒಳಗೆ ಇಟ್ಟರು. ಒಂದು ಮಾತೂ ಆಡಲಿಲ್ಲ. ನನಗೆ ಅದೇ ಸಾಕಾಯ್ತು. ನಾನು ಕಳ್ಕೊಂಡಿದ್ದು ಕೊಬ್ಬೊಂದೇ ಅಲ್ಲ, ಸ್ನಾಯುವನ್ನೂ ಕಳ್ಕೊಂಡಿದ್ದೆ.

ಯಾಕೆ ಹೀಗಾಗುತ್ತೆ?

ಊಟ ಕಡಿಮೆಯಾದಾಗ ದೇಹ ಕೊಬ್ಬನ್ನೂ ಕರಗಿಸುತ್ತೆ, ಸ್ನಾಯುವನ್ನೂ ಕರಗಿಸುತ್ತೆ. ಸ್ನಾಯು ಉಳೀಬೇಕು ಅಂದ್ರೆ ಎರಡು ಬೇಕು: ಸಾಕಷ್ಟು ಪ್ರೋಟೀನ್, ಮತ್ತೆ ಭಾರ ಎತ್ತೋ ವ್ಯಾಯಾಮ. ಪ್ರೋಟೀನ್ ಇಟ್ಟಿಗೆ ಇದ್ದ ಹಾಗೆ, ವ್ಯಾಯಾಮ ಗಾರೆ ಕೆಲಸದವರ ಹಾಗೆ. ಇಟ್ಟಿಗೆ ತಂದು ಸುರಿದ ಮಾತ್ರಕ್ಕೆ ಗೋಡೆ ಏಳೋಲ್ಲ.

ದಿನಕ್ಕೆ ಎಷ್ಟು ಬೇಕು?

ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ. ಅಂದ್ರೆ 70 ಕೆಜಿಯವರಿಗೆ ಸುಮಾರು 58 ಗ್ರಾಂ. ಇದು ಮಾಮೂಲಿ ಜೀವನಕ್ಕೆ. ಭಾರ ಎತ್ತೋರ ಮೇಲೆ ನಡೆದ 49 ಪ್ರಯೋಗಗಳನ್ನ ಒಟ್ಟಿಗೆ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಕೆಜಿಗೆ 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ 1.2ರಿಂದ 1.6ರ ನಡುವೆ ಇಟ್ಕೊಳ್ಳಿ. 70 ಕೆಜಿಗೆ 84ರಿಂದ 112 ಗ್ರಾಂ. ತೂಕ ತುಂಬಾ ಹೆಚ್ಚಿದ್ರೆ ಈಗಿನ ತೂಕ ಬೇಡ, ತಲುಪಬೇಕಾದ ತೂಕಕ್ಕೆ ಲೆಕ್ಕ ಹಾಕಿ.

ಆರಿಸೋದು ಹೇಗೆ?

ಇಲ್ಲೇ ನಾವೆಲ್ಲ ಎಡವೋದು. "ಬಾದಾಮಿಯಲ್ಲಿ ಪ್ರೋಟೀನ್ ಇದೆ" ಅನ್ನೋದು ನಿಜ, ಆದ್ರೆ ಅದರ ಜೊತೆ ಎಷ್ಟು ಕ್ಯಾಲೊರಿ ಬರುತ್ತೆ ಅಂತ ಯಾರೂ ಕೇಳೋಲ್ಲ. ಕೊಬ್ಬು ಇಳಿಸೋರು ಕೇಳಬೇಕಾದ್ದು ಇದನ್ನೇ: 100 ಕ್ಯಾಲೊರಿ ತಿಂದ್ರೆ ಎಷ್ಟು ಗ್ರಾಂ ಪ್ರೋಟೀನ್ ಸಿಗುತ್ತೆ? ಅಂದಾಜು ಹೀಗಿದೆ:

- ಮೊಟ್ಟೆಯ ಬಿಳಿ: 20 ಗ್ರಾಂ
- ಚರ್ಮ ತೆಗೆದ ಕೋಳಿ ಎದೆ ಮಾಂಸ: 18 ಗ್ರಾಂ
- ಸೋಯಾ ಚಂಕ್ಸ್: 15 ಗ್ರಾಂ
- ಇಡೀ ಮೊಟ್ಟೆ: 8 ಗ್ರಾಂ
- ಬೇಳೆ, ಕಾಳು, ಪನೀರ್: 6 ಗ್ರಾಂ
- ಕಡಲೆಕಾಯಿ: 4ರಿಂದ 5 ಗ್ರಾಂ
- ಬಾದಾಮಿ: 3ರಿಂದ 4 ಗ್ರಾಂ
- ಅನ್ನ: 2 ಗ್ರಾಂ

ಅಂದ್ರೆ ಕಡಲೆಕಾಯಿ, ಬಾದಾಮಿ ಕೆಟ್ಟದ್ದಲ್ಲ, ಆದ್ರೆ ಅವು ಮುಖ್ಯವಾಗಿ ಕೊಬ್ಬಿನ ಮೂಲ. ಒಂದು ಹಿಡಿ ಸಾಕು. ಹಾಗೇ ನಮ್ಮ ತಿಳಿಸಾರು! ಎರಡು ಸೌಟು ಸಾರಿನಲ್ಲಿ ಬೇಳೆ ಇರೋದೇ 15–20 ಗ್ರಾಂ, ಪ್ರೋಟೀನ್ 4 ಗ್ರಾಂ. ಅದಕ್ಕೆ ಎರಡು ತಟ್ಟೆ ಅನ್ನ ಸುರ್ಕೊಂಡು "ದಿನಾ ಬೇಳೆ ತಿಂತೀನಿ" ಅಂತೀವಿ.

ಇಲ್ಲಿ ಏನು ಸಿಗುತ್ತೆ?

ರೋಹಿಣಿಯ ಎಷ್ಟೋ ಮನೆ ಮಾಲೀಕರು, ಪಿಜಿಯವರು ಮೊಟ್ಟೆ, ಮಾಂಸ ಬೇಯಿಸೋಕೆ ಬಿಡೋಲ್ಲ. ಪರವಾಗಿಲ್ಲ. ಕಿರಾಣಿ ಅಂಗಡಿಯಲ್ಲಿ "ನ್ಯೂಟ್ರಿ" ಅಂತ ಕೇಳಿ, ಸೋಯಾ ಚಂಕ್ಸ್ ಕೊಡ್ತಾರೆ. ಒಣಗಿದ 100 ಗ್ರಾಂನಲ್ಲಿ 50 ಗ್ರಾಂ ಪ್ರೋಟೀನ್. ರಸ್ತೆ ಬದಿಯ ಸೋಯಾ ಚಾಪ್ ಇದಲ್ಲ, ಅದರಲ್ಲಿ ಮೈದಾ, ಎಣ್ಣೆ, ಮೇಲೆ ಮಲಾಯಿ. "ಸತ್ತು" ಅಂತ ಇಲ್ಲಿ ಮಾರೋದು ನಮ್ಮ ಹುರಿಗಡಲೆ ಹಿಟ್ಟೇ. ಮಜ್ಜಿಗೆಗೆ ಕಲಸಿ, ಉಪ್ಪು, ಜೀರಿಗೆ ಹಾಕಿ ಕುಡೀರಿ. "ಮೋಠ್" ಅಂದ್ರೆ ಉತ್ತರ ಕರ್ನಾಟಕದವರ ಮಡಕೆ ಕಾಳು. ಹುರುಳಿ ಬೇಕಾದ್ರೆ "ಕುಲ್ಥಿ" ಅನ್ನಿ, ಉತ್ತರಾಖಂಡದವರು "ಗಹತ್" ಅಂತಾರೆ. ಹಾಲು, ಮೊಸರಿಗೆ ಮದರ್ ಡೈರಿ ಬೂತ್ ಇದ್ದೇ ಇದೆ.

ಒಂದು ದಿನದ ಊಟ

ಬೆಳಗ್ಗೆ: 50 ಗ್ರಾಂ ಹೆಸರುಬೇಳೆ ರುಬ್ಬಿ ದೋಸೆ, ಒಂದು ಲೋಟ ಹಾಲು. 18 ಗ್ರಾಂ.
ಮಧ್ಯಾಹ್ನ: ಮೂರು ಚಪಾತಿ, 50 ಗ್ರಾಂ ಒಣ ಕಾಳಿನ ಗಟ್ಟಿ ಪಲ್ಯ ಅಥವಾ ರಾಜ್ಮಾ, 200 ಗ್ರಾಂ ಮೊಸರು. 27 ಗ್ರಾಂ.
ಸಂಜೆ: 40 ಗ್ರಾಂ ಸತ್ತು. 8 ಗ್ರಾಂ.
ರಾತ್ರಿ: 40 ಗ್ರಾಂ ಸೋಯಾ ಚಂಕ್ಸ್ ಪಲ್ಯ, ಎರಡು ಚಪಾತಿ. 27 ಗ್ರಾಂ.

ಒಟ್ಟು 80. ಇದಕ್ಕೆ ಎರಡು ಮೊಟ್ಟೆ ಅಥವಾ 70 ಗ್ರಾಂ ಪನೀರ್ ಸೇರಿಸಿದ್ರೆ 92. ಪುಡಿ ಡಬ್ಬಿ ಇಲ್ಲದೇ ಗುರಿ ಮುಟ್ತೀರಿ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೊಟ್ಟ ಮಾರ್ಗಸೂಚಿ ಕೂಡ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳುತ್ತೆ.

ಎಣ್ಣೆ, ಸಕ್ಕರೆ, ಅನ್ನ ಕಡಿಮೆ ಮಾಡಿ ದಿನಕ್ಕೆ 300ರಿಂದ 500 ಕ್ಯಾಲೊರಿ ಇಳಿಸಿ. ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಸಾಕು, ಅವಸರ ಬೇಡ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡ, ಡಂಬೆಲ್. ಚಳಿಗಾಲದಲ್ಲಿ ದೆಹಲಿ ಗಾಳಿ ಕೆಟ್ಟಿದ್ದಾಗ ಜಪಾನೀಸ್ ಪಾರ್ಕಿಗೆ ಓಡೋಕೆ ಹೋಗ್ಬೇಡಿ, ರೂಮಿನಲ್ಲೇ ಮಾಡಿ.

ಒಂದು ಎಚ್ಚರಿಕೆ: ಕಿಡ್ನಿ ತೊಂದರೆ ಇರೋರು, ಬಹಳ ವರ್ಷದ ಸಕ್ಕರೆ ಕಾಯಿಲೆ ಅಥವಾ ಬಿಪಿ ಇರೋರು ಡಾಕ್ಟರನ್ನ ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ನನ್ನ ವಿಷಯಕ್ಕೆ ಬಂದ್ರೆ, ಈಗ 73 ಕೆಜಿ ಇದ್ದೀನಿ. ತೂಕ ಎರಡು ಕೆಜಿ ಹೆಚ್ಚಾಗಿದೆ, ಬೆಲ್ಟ್ ಎರಡು ತೂತು ಒಳಗೆ ಹೋಗಿದೆ. ಹೋದ ಸಲ ಊರಲ್ಲಿ ಅಕ್ಕಿ ಮೂಟೆ ನಾನೇ ಒಳಗಿಟ್ಟೆ. ಅಪ್ಪ ಆಗಲೂ ಏನೂ ಹೇಳಲಿಲ್ಲ, ಎರಡನೇ ಮೂಟೆ ತೋರಿಸಿದ್ರು ಅಷ್ಟೇ.

ನಿಮ್ಮ ಇವತ್ತಿನ ಊಟದ ಪ್ರೋಟೀನ್ ಎಷ್ಟು? ಒಮ್ಮೆ ಲೆಕ್ಕ ಹಾಕಿ ನೋಡಿ. ಮತ್ತೆ ಸಿಗೋಣ.