ಅತಿ ಸಮೀಪದ ನಕ್ಷತ್ರ ಮತ್ತು ಅದರ ಗ್ರಹ

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವು ಪ್ರಾಕ್ಸಿಮಾ ಸೆಂಟಾರಿ. ಅದರ ಬೆಳಕು ನಮ್ಮನ್ನು ತಲುಪಲು 4.2 ವರ್ಷಗಳು ಬೇಕು. ಇಷ್ಟು ನೆರೆಯದಾದರೂ ಈ ಕೆಂಪು ಕುಬ್ಜವು ಬರಿಗಣ್ಣಿಗೆ ಕಾಣದಷ್ಟು ಮಂದವಾದುದು. 1915ರಲ್ಲಿ ರಾಬರ್ಟ್ ಇನಿಸ್ ಎಂಬ ಖಗೋಳಜ್ಞರು ಇದನ್ನು ಗುರುತಿಸಿದರು.

2016ರಲ್ಲಿ ಇದರ ಗ್ರಹವೊಂದು ಪತ್ತೆಯಾಯಿತು. ಗ್ರಹವನ್ನು ಯಾರೂ ಕಣ್ಣಾರೆ ಕಂಡುದಲ್ಲ. ಅದರ ಸೆಳೆತಕ್ಕೆ ನಕ್ಷತ್ರವು ಹಿಂದೆ ಮುಂದೆ ಓಲಾಡುವುದನ್ನು ಬೆಳಕಿನ ರೋಹಿತದಲ್ಲಿ ಅಳೆದು ಅರಿತದ್ದು. ಅಲ್ಲಿಯ ಒಂದು ವರ್ಷವೆಂದರೆ ನಮ್ಮ 11.2 ದಿನಗಳು! ಅಷ್ಟು ಹತ್ತಿರವಿದ್ದರೂ ನಕ್ಷತ್ರದ ಕಾವು ಅಲ್ಪವಾದ್ದರಿಂದ, ತಕ್ಕ ವಾಯುಮಂಡಲವಿದ್ದಲ್ಲಿ ನೀರು ದ್ರವರೂಪದಲ್ಲಿ ನಿಲ್ಲಬಹುದು. ಆದರೆ ಆ ಸಾಮೀಪ್ಯವೇ ಅಪಾಯಕರ. 2019ರ ಮೇ 1ರಂದು ನಕ್ಷತ್ರದಲ್ಲೆದ್ದ ಜ್ವಾಲೆಯೊಂದು ಕೆಲವೇ ಕ್ಷಣಗಳಲ್ಲಿ ಅದರ ಅತಿನೇರಳೆ ಪ್ರಭೆಯನ್ನು ಸುಮಾರು 14,000 ಪಟ್ಟು ಏರಿಸಿತು. ಇಂಥ ಜ್ವಾಲೆಗಳು ಮರಳಿ ಮರಳಿ ಎದ್ದರೆ ಗ್ರಹದ ವಾಯುಮಂಡಲವನ್ನೇ ಕ್ರಮೇಣ ಸವೆಸಿಬಿಡಬಲ್ಲವು.