ಹಳೆಯ ಗಣಕಯಂತ್ರಕ್ಕೆ ಮರುಜೀವ

ಮನೆಯ ಮೂಲೆಯಲ್ಲಿ ಧೂಳು ಹಿಡಿದ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಗೃಹಸ್ಥರು ಒಮ್ಮೆ ಯೋಚಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆದರೆ ಯಂತ್ರವೇನೂ ಕೆಟ್ಟಿಲ್ಲ. ಅದನ್ನು ನಡೆಸುವ ತಂತ್ರಾಂಶಕ್ಕೆ ಮಾತ್ರ ವಯಸ್ಸಾಗಿದೆ.

ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂಥ ಯಂತ್ರಗಳಿಗೆ ಆಸರೆಯಾಗಬಲ್ಲದು. ಅದು ಉಚಿತವಾಗಿಯೇ ದೊರೆಯುತ್ತದೆ. ಹಿಂದೆ 1.44 ಎಂ.ಬಿ. ಫ್ಲಾಪಿಗಳ ಕಟ್ಟನ್ನೇ ಸಿದ್ಧಪಡಿಸಬೇಕಿತ್ತು. ಒಂದು ಕೆಟ್ಟರೂ ಶ್ರಮ ವ್ಯರ್ಥ. ಇಂದು 8 ಜಿ.ಬಿ.ಯ ಒಂದು ಪೆನ್‌ಡ್ರೈವ್ ಸಾಕು.

ಯಂತ್ರವು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಮೊದಲು ತಿಳಿಯಿರಿ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿ.ಸಿ.ಗಳಿಗೆ ಸ್ಥಾಪನಾ ಡಿಸ್ಕ್ ಇಲ್ಲ. 64 ಬಿಟ್ ಯಂತ್ರದಲ್ಲಿ 2 ಜಿ.ಬಿ. ರ‍್ಯಾಮ್ ಇದ್ದರೂ ಲಿನಕ್ಸ್ ಮಿಂಟ್ ನಡೆಯುತ್ತದೆ, 4 ಜಿ.ಬಿ. ಇದ್ದರೆ ಲೇಸು. ಅಧಿಕೃತ ತಾಣದಿಂದ ಐ.ಎಸ್.ಓ. ಕಡತವನ್ನು ಪಡೆದು, ಅದರ ಪರಿಶೀಲನಾ ಸಂಖ್ಯೆಯನ್ನು ತಾಳೆ ನೋಡಿರಿ. ಕಡತವನ್ನು ಸುಮ್ಮನೆ ನಕಲಿಸಿದರೆ ಸಾಲದು. ರೂಫಸ್‌ನಂಥ ತಂತ್ರಾಂಶದಿಂದಲೇ ಪೆನ್‌ಡ್ರೈವಿಗೆ ಬರೆಯಬೇಕು. ಆಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆ. ಬಳಿಕ ಯಂತ್ರವನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಧ್ವನಿ, ಮುದ್ರಕ, ಕನ್ನಡ ಅಕ್ಷರಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿರಿ.

ಕೊನೆಯದಾಗಿ ಒಂದು ಎಚ್ಚರಿಕೆ: ಸ್ಥಾಪಿಸುವ ಮುನ್ನ ಹಿರಿಯರ ಭಾವಚಿತ್ರ, ಮದುವೆಯ ಚಿತ್ರ, ಮಕ್ಕಳ ಅಂಕಪಟ್ಟಿಗಳನ್ನು ಬೇರೆಡೆ ನಕಲು ಮಾಡಿಡಿರಿ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅಗಲಿದ ಅಜ್ಜಿಯ ಚಿತ್ರವನ್ನು ಮತ್ತೆ ತೆಗೆಯಲಾಗದು.